ೞಕಾರವನ್ನು ಸೇರಿಸಿದವರು ಯಾರು?

ಗ್ರಂಥಸಂಪಾದನೆಯ ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದಿದೆ: "ಸರ್, ಪುಟದ ಕೆಳಗೆ ಸಣ್ಣಕ್ಷರದಲ್ಲಿರುವ ಈ ಪಾಠಾಂತರಗಳನ್ನು ಯಾರು ಓದುತ್ತಾರೆ?" ಇದರಲ್ಲಿ ತುಂಟತನವೇನೂ ಇರುವುದಿಲ್ಲ. ಪಾಠಾಂತರಗಳು ಪರೀಕ್ಷೆಗೆ ಬರುವುದಿಲ್ಲ, ಕಾವ್ಯದ ಓದಿಗೆ ಅಡ್ಡಬರುತ್ತವೆ, ಮರುಮುದ್ರಣವಾಗುವಾಗ ಪ್ರಕಾಶಕರು ಮೊದಲು ಕೈಬಿಡುವುದೂ ಅವನ್ನೇ. ಇಪ್ಪತ್ತೈದು ವರ್ಷಗಳಿಂದ ನಾನು ಕೊಡುತ್ತ ಬಂದಿರುವ ಉತ್ತರವೂ ಒಂದೇ. ಸಂಪಾದಕನು ಏನನ್ನು ಬಿಟ್ಟನೆಂದು ತಿಳಿದಾಗ ಮಾತ್ರ ಅವನು ಆರಿಸಿಕೊಂಡದ್ದನ್ನು ಒಪ್ಪುವ ಅಥವಾ ಒಪ್ಪದಿರುವ ಸ್ವಾತಂತ್ರ್ಯ ಓದುಗನಿಗೆ ದೊರೆಯುತ್ತದೆ ಎನ್ನುತ್ತೇನೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು (1964) ಮುಂದಿಟ್ಟುಕೊಂಡು ಹೀಗೆ ಹೇಳುವುದು ಕಷ್ಟವಲ್ಲ. ಕಳೆದ ಮಳೆಗಾಲದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ, ಬೇರೆ ವಿದ್ಯೆಯವರ ಬಾಯಿಂದ ನನಗೇ ಎದುರಾಯಿತು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಬರೆದಿಡಬೇಕೆಂದು ಈ ಲೇಖನ.

ಜಯಲಕ್ಷ್ಮಿಪುರಂನಲ್ಲಿರುವ ನಮ್ಮ ಮನೆಗೆ ಭಾನುವಾರ ಬೆಳಗಿನ ಹೊತ್ತು ಹಳೆಯ ವಿದ್ಯಾರ್ಥಿಗಳು ಬರುವುದು ರೂಢಿ. ಕಾಳಿದಾಸ ರಸ್ತೆಯಲ್ಲಿ ಏನೋ ಕೆಲಸವಿತ್ತು, ಹಾಗೇ ಬಂದೆ ಸರ್ ಎನ್ನುತ್ತಾರೆ. ಕಾಫಿ ಮುಗಿಯುವ ಹೊತ್ತಿಗೆ ಶಿಫಾರಸು ಪತ್ರವೋ ಮದುವೆಯ ಕರೆಯೋಲೆಯೋ ಚೀಲದಿಂದ ಹೊರಬರುತ್ತದೆ. ಹಾಗೆ ಬಂದವರಲ್ಲಿ ಒಬ್ಬಳು, ಹತ್ತು ವರ್ಷಗಳ ಹಿಂದೆ ಬಿ.ಎಸ್ಸಿ. ಓದುತ್ತ ನನ್ನ ಕನ್ನಡ ಭಾಷಾ ತರಗತಿಯ ಮೂರನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗಿ. ಈಗ ಹೆಬ್ಬಾಳದ ಕಡೆಯ ಒಂದು ಕಂಪನಿಯಲ್ಲಿ ತಂತ್ರಾಂಶದ ಕೆಲಸದಲ್ಲಿದ್ದಾಳೆ.

"ಸರ್, ನಾವು ನಾಲ್ಕು ಜನ ಸ್ನೇಹಿತರು ಸೇರಿ ಒಂದು ಲೈಬ್ರರಿ ಮಾಡಿದ್ದೇವೆ. ಅದಕ್ಕೆ ನಿಮ್ಮ ಸಹಾಯ ಬೇಕು" ಎಂದಳು.

"ಬಹಳ ಸಂತೋಷವಮ್ಮ. ಪುಸ್ತಕಗಳು ಎಷ್ಟಿವೆ?" ಎಂದು ಕೇಳಿದೆ.

ಅವಳು ನಗು ತಡೆದುಕೊಂಡು ವಿವರಿಸಿದಳು. ತಂತ್ರಾಂಶದವರ ಭಾಷೆಯಲ್ಲಿ ಲೈಬ್ರರಿ ಎಂದರೆ ಬೇರೆಯವರು ತಮ್ಮ ಕೆಲಸದಲ್ಲಿ ಎತ್ತಿಕೊಂಡು ಬಳಸಬಹುದಾದ ಸಿದ್ಧ ಸಂಕೇತಗಳ ಕಟ್ಟು. ಅವರದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಒಳಗಿನ ಬರಹವನ್ನು ಓದಬಹುದು, ತಿದ್ದುಪಡಿ ಸೂಚಿಸಬಹುದು. ಹಳೆಯ ಫಾಂಟುಗಳಲ್ಲಿರುವ ಕನ್ನಡ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಎಲ್ಲಿ, ಏಕೆ ತಪ್ಪಾಯಿತೆಂಬುದನ್ನು ಹಂತಹಂತವಾಗಿ ತೋರಿಸುವುದು ಅದರ ಕೆಲಸ. ಡಿಬಗ್ ಮಾಡುವುದು ಎನ್ನುತ್ತಾರಲ್ಲ, ಅದು. ತಪ್ಪನ್ನು ಸರಿಪಡಿಸುವುದು ಅನಂತರದ ಮಾತು. ಮೊದಲು, ಈ ಅಕ್ಷರ ಹೀಗೇಕೆ ಹೊರಬಂತು ಎಂದು ಕೇಳಿದರೆ, ಯಾವ ಸಂಕೇತ ಒಳಬಂತು, ಎಷ್ಟನೆಯ ನಿಯಮ ಅದಕ್ಕೆ ತಗುಲಿತು, ಏನಾಗಿ ಹೊರಬಿತ್ತು ಎಂದು ಸಾಲುಸಾಲಾಗಿ ವರದಿ ಕೊಡಬೇಕು.

"ನಿಮಗೆ ಕೋಡು ಬರಬೇಕಾಗಿಲ್ಲ ಸರ್. ಯಾರಾದರೂ ಒಂದು ಬದಲಾವಣೆ ಕಳಿಸಿದಾಗ ಕನ್ನಡದ ದೃಷ್ಟಿಯಿಂದ ಅದು ಸರಿಯೋ ತಪ್ಪೋ ಹೇಳಿ. ಏಕೆ ಬದಲಾಯಿಸಿದೆವು ಅನ್ನುವುದನ್ನು ಎರಡು ಸಾಲು ಬರೆದುಕೊಡಿ. ಹಳಗನ್ನಡದ ಕಡತ ಯಾವುದಾದರೂ ಇದ್ದರೆ ಪರೀಕ್ಷೆಗೆ ಕೊಡಿ."

ನನ್ನಲ್ಲಿದ್ದ ಹಳಗನ್ನಡದ ಕಡತವೆಂದರೆ ನನ್ನದೇ ಪಿಎಚ್.ಡಿ. ಪ್ರಬಂಧ. ತೊಂಬತ್ತರ ದಶಕದ ಕೊನೆಯಲ್ಲಿ ಡಿಟಿಪಿ ಅಂಗಡಿಯಲ್ಲಿ ಕುಳಿತು ಅಕ್ಷರ ಅಕ್ಷರ ಹೇಳಿ ಮಾಡಿಸಿದ್ದು. ಫ್ಲಾಪಿಯಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಪೆನ್‌ಡ್ರೈವಿಗೆ ದಾಟಿ ಉಳಿದುಬಂದಿತ್ತು. ಕೊಟ್ಟೆ.

ಇಲ್ಲಿ ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ತಲೆಮಾರಿನವರು ಆ ಕಾಲದಲ್ಲಿ ಗಣಕಕ್ಕೆ ಹಾಕಿದ ಕನ್ನಡವು ಗಣಕದ ಮಟ್ಟಿಗೆ ಕನ್ನಡವೇ ಆಗಿರಲಿಲ್ಲ. ಲ್ಯಾಟಿನ್ ಲಿಪಿಗೆಂದು ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದರು. 'ನುಡಿ'ಯ ಹಳೆಯ ಕಡತವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದು ನೋಡಿದವರಿಗೆ ಇದು ಗೊತ್ತು. 'ಕನ್ನಡ' ಎಂಬ ಪದವು ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಓರೆಗೆರೆ ಹೊತ್ತ 'ಎ', ಬ್ರಿಟಿಷರ ಪೌಂಡು ಹಣದ ಚಿಹ್ನೆ, ಜರ್ಮನ್ನರ ಜೋಡಿ 'ಎಸ್' ಎಂದು ಮುಂದುವರಿಯುತ್ತದೆ. ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಲ್ಲಿ ಕುಳಿತಿರುತ್ತವೆ. 'ಕರ್ನಾಟಕ' ಎಂದು ಬರೆಯುವಾಗ ಅರ್ಕಾವೊತ್ತು 'ನಾ' ಆದಮೇಲೆ ಬರುತ್ತದಷ್ಟೆ. ಹಳೆಯ ಕಡತದಲ್ಲೂ ಅದರ ಸ್ಥಾನ ಅಲ್ಲೇ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ ಬೇಕು: ಮೊದಲು ರೇಫ, ಆಮೇಲೆ ನಕಾರ. ಆದ್ದರಿಂದ ಪರಿವರ್ತಕವು ಅರ್ಕಾವೊತ್ತನ್ನು ಎತ್ತಿ ಹಿಂದಕ್ಕೆ ಇಡಬೇಕು. ಎಷ್ಟು ಹಿಂದಕ್ಕೆ? 'ಕರ್ನಾಟಕ'ದಲ್ಲಿ ಒಂದು ವ್ಯಂಜನವನ್ನು ದಾಟಿದರೆ ಸಾಕು. 'ಸಾಮರ್ಥ್ಯ'ದಲ್ಲಿ ಥಕಾರವನ್ನೂ ಅದರ ಕೆಳಗಿನ ಯಒತ್ತನ್ನೂ ದಾಟಬೇಕು. ಒಂದನ್ನೇ ದಾಟಿ ನಿಂತುಬಿಟ್ಟರೆ 'ಸಾಮಥ್ರ್ಯ' ಆಗುತ್ತದೆ, 'ಅರ್ಘ್ಯ'ವು 'ಅಘ್ರ್ಯ'ವಾಗುತ್ತದೆ. ಅಂತರ್ಜಾಲದಲ್ಲಿ ಇಂಥ ರೂಪಗಳನ್ನು ನೀವೂ ನೋಡಿರುತ್ತೀರಿ. ಇನ್ನೊಂದು ನೂರು ವರ್ಷದ ಮೇಲೆ ಯಾರೋ ಒಬ್ಬ ಭಾಷಾವಿಜ್ಞಾನಿ ಇದನ್ನು ಇಪ್ಪತ್ತೊಂದನೆಯ ಶತಮಾನದ ಕನ್ನಡದಲ್ಲಾದ ವರ್ಣಪಲ್ಲಟವೆಂದು ಪ್ರಬಂಧ ಬರೆಯದಿದ್ದರೆ ನಮ್ಮ ಪುಣ್ಯ.

ಮೊದಲ ಎರಡು ವಾರ ನಾನು ನೋಡಿದ್ದು ಹೆಚ್ಚಾಗಿ ಇಂಥವನ್ನೇ. ಅವಳು ಕಳಿಸುತ್ತಿದ್ದ ಹಾಳೆಯ ರೂಪ ನನಗೆ ಬೇಗ ರೂಢಿಯಾಯಿತು. ಹಳೆಯ ಸಾಲು ಕೆಂಪಿನಲ್ಲಿ, ಮುಂದೊಂದು ಕಳೆಯುವ ಚಿಹ್ನೆ. ಹೊಸ ಸಾಲು ಹಸಿರಿನಲ್ಲಿ, ಮುಂದೊಂದು ಕೂಡುವ ಚಿಹ್ನೆ. ಬದಲಾಗದ ಒಂದೆರಡು ಸಾಲು ಮೇಲೆ ಕೆಳಗೆ, ಸಂದರ್ಭ ತಿಳಿಯಲೆಂದು. ಪಾರ್ಶ್ವದಲ್ಲಿ ತಿದ್ದಿದವರ ಹೆಸರು, ದಿನಾಂಕ, ಕಾರಣ. ಎರಡು ಪಠ್ಯಗಳ ನಡುವಿನ ವ್ಯತ್ಯಾಸವನ್ನು ಗಣಕದಿಂದಲೇ ಹುಡುಕಿಸುವ 'ಡಿಫ್' ಎಂಬ ಸಾಧನವನ್ನು ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಡಗ್ಲಸ್ ಮೆಕಿಲ್‌ರಾಯ್ ಮೊದಲಾದವರು 1970ರ ದಶಕದಲ್ಲಿ ರಚಿಸಿದರು. ಬದಲಾವಣೆಗಳ ಇತಿಹಾಸವನ್ನು ಇಡಿಯಾಗಿ ಕಾಪಾಡುವ 'ಗಿಟ್' ಬಂದದ್ದು 2005ರಲ್ಲಿ, ಲಿನಸ್ ಟೊರ್ವಾಲ್ಡ್ಸ್ ಅವರಿಂದ. ಹಾಳೆಯನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಮಾನಸಗಂಗೋತ್ರಿಯಲ್ಲಿ ನಾವು ಪಾಠಗಳನ್ನು ತಾಳೆನೋಡುತ್ತಿದ್ದ ಉದ್ದನೆಯ ಮೇಜು. ಒಬ್ಬರು 'ಕ' ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು 'ಗ' ಪ್ರತಿಯ ಮೇಲೆ ಕಣ್ಣಿಟ್ಟು "ಇಲ್ಲಿ ಬೇರೆ ಇದೆ" ಎನ್ನುವುದು, ಮೂರನೆಯವರು ಬರೆದುಕೊಳ್ಳುವುದು. ಮೂವರು ಮೂರು ತಿಂಗಳು ಮಾಡಿದ್ದನ್ನು ಈ ಯಂತ್ರ ಕಣ್ಣುಮಿಟುಕಿಸುವುದರೊಳಗೆ ಮಾಡುತ್ತದೆ. ಆದರೆ ಕೆಂಪು ಸಾಲು ಸರಿಯೋ ಹಸಿರು ಸಾಲು ಸರಿಯೋ ಎಂದು ಅದು ಹೇಳುವುದಿಲ್ಲ. ಆ ಕೆಲಸ ಈಗಲೂ ಮನುಷ್ಯರದ್ದೇ.

ಗಿಟ್‌ನಲ್ಲಿ 'ಬ್ಲೇಮ್' ಎಂಬ ಒಂದು ಆಜ್ಞೆಯಿದೆ. ಕಡತವೊಂದನ್ನು ತೋರಿಸಿ ಹಾಗೆಂದರೆ, ಪ್ರತಿ ಸಾಲನ್ನೂ ಕೊನೆಗೆ ಮುಟ್ಟಿದವರು ಯಾರು, ಎಂದು ಎಂಬುದನ್ನು ಪಟ್ಟಿಮಾಡಿ ಕೊಡುತ್ತದೆ. ಓಲೆಗರಿಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬೈಯಬೇಡಿ ಎಂದು ಕೈಮುಗಿಯುತ್ತಿದ್ದರಲ್ಲವೆ? ಆ ಕೈಮುಗಿತಕ್ಕೆ ಇಲ್ಲಿ ಜಾಗವಿಲ್ಲ.

ಮೂರನೆಯ ವಾರ ಬಂದ ಬದಲಾವಣೆಯೇ ಈ ಲೇಖನಕ್ಕೆ ಕಾರಣ.

ನನ್ನ ಪ್ರಬಂಧದ ಫಾಂಟಿನಲ್ಲಿ ೞಕಾರಕ್ಕೆ ವಿಶೇಷವಾದೊಂದು ಸಂಕೇತವಿತ್ತು. ಅವರ ಲೈಬ್ರರಿಗೆ ಅದು ಗೊತ್ತಿರಲಿಲ್ಲವಾಗಿ, ಒಂದು ವಾರ ಮುಂಚೆ ನಾನೇ ಹೇಳಿ ಅದನ್ನು ಸೇರಿಸಿದ್ದೆವು. ಈಗ ಬೇರೊಂದು ರಾಜ್ಯದ, ಕನ್ನಡ ಬಾರದ ಆದರೆ ಉತ್ಸಾಹಿಯಾದ ತರುಣನೊಬ್ಬ ಆ ನಿಯಮವನ್ನು 'ಸರಿಪಡಿಸಿ' ಕಳಿಸಿದ್ದ. ಕೆಂಪು ಸಾಲಿನಲ್ಲಿ 'ೞ'. ಹಸಿರು ಸಾಲಿನಲ್ಲಿ ಫಕಾರ, ಅದರ ಕೆಳಗೆ ಎರಡು ಚುಕ್ಕೆ, 'ಫ಼'. ಅದರ ಫಲವಾಗಿ 'ಪೞಗನ್ನಡ'ವು 'ಪಫ಼ಗನ್ನಡ'ವಾಗಿತ್ತು, ಏೞು 'ಏಫ಼ು' ಆಗಿತ್ತು, ಪೊೞಲು 'ಪೊಫ಼ಲು' ಆಗಿತ್ತು. ಬೆಳಿಗ್ಗೆ ಬೆಳಿಗ್ಗೆ ಇದನ್ನು ಗಟ್ಟಿಯಾಗಿ ಓದಿಕೊಂಡ ನನ್ನನ್ನು ಮನೆಯವರು ಗಾಬರಿಯಿಂದ ನೋಡಿದರು.

ಅವಳಿಗೆ ಫೋನ್ ಮಾಡಿದೆ. "ಯಾರಮ್ಮ ಇವನು? ೞಕಾರಕ್ಕೂ ಫಕಾರಕ್ಕೂ ಎಲ್ಲಿಯ ಸಂಬಂಧ?"

"ಸರ್, ಅವನದೂ ತಪ್ಪಲ್ಲ. ನಮ್ಮ ವರದಿಯಲ್ಲಿ ಅಕ್ಷರದ ಅಧಿಕೃತ ಹೆಸರನ್ನು ಮುದ್ರಿಸುತ್ತೇವಲ್ಲ, ಅಲ್ಲಿ ಹಾಗೇ ಬರುತ್ತಿದೆ."

ನಿಜವಾಗಿಯೂ ಹಾಗೇ ಬರುತ್ತಿತ್ತು. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿದೆ. ನಮ್ಮ ೞಕಾರದ ಹೆಸರು 'ಕನ್ನಡ ಲೆಟರ್ ಫಾ'! ಹಳಗನ್ನಡದ ಗಂಧವಿಲ್ಲದ ಕಡೆ ಯಾವಾಗಲೋ ಆದ ತಪ್ಪು. ತಮಿಳು, ಮಲಯಾಳ, ತೆಲುಗುಗಳ ಪಟ್ಟಿಗಳಲ್ಲಿ ಇದೇ ಧ್ವನಿಯ ಅಕ್ಷರಕ್ಕೆ ಅದರ ಸಹಜ ಸ್ಥಾನವೇ ದೊರೆತಿದೆ, ಳಕಾರದ ಮಗ್ಗುಲಲ್ಲಿ. ತೆಲುಗಿನದು ಸೇರಿದ್ದು ತಡವಾಗಿ, 2014ರ 7.0 ಆವೃತ್ತಿಯಲ್ಲಿ; ಸ್ಥಾನ ಮಾತ್ರ ಸರಿಯಾದದ್ದೇ. ಕನ್ನಡದ ಪಟ್ಟಿಯಲ್ಲಿ ಳಕಾರಕ್ಕೂ ವಕಾರಕ್ಕೂ ನಡುವಿನ ಆ ಮನೆ ಇಂದಿಗೂ ಖಾಲಿ. ನಮ್ಮ ೞಕಾರ ಪಟ್ಟಿಯ ಕೊನೆಯ ಕಡೆ, ತಪ್ಪು ಹೆಸರು ಹೊತ್ತು ಕುಳಿತಿದೆ.

ಹಾಗಾದರೆ ಹೆಸರನ್ನು ಬದಲಾಯಿಸಬಾರದೆ? ಬದಲಾಯಿಸುವಂತಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ತಿದ್ದುವುದಿಲ್ಲವೆಂಬುದು ಯೂನಿಕೋಡಿನ ಕಟ್ಟುಪಾಡು. ಜಗತ್ತಿನ ಎಷ್ಟೋ ತಂತ್ರಾಂಶಗಳು ಆ ಹೆಸರನ್ನು ನಂಬಿಕೊಂಡಿರುತ್ತವೆ, ಸದ್ದಿಲ್ಲದೆ ತಿದ್ದಿದರೆ ಅವೆಲ್ಲ ಕುಸಿಯುತ್ತವೆ. ಬ್ರ್ಯಾಕೆಟ್ ಎಂಬ ಇಂಗ್ಲಿಷ್ ಪದದ ಎರಡು ಅಕ್ಷರಗಳು ಹಿಂದುಮುಂದಾಗಿ ಕಾಗುಣಿತವೇ ಕೆಟ್ಟಿರುವ ಚಿಹ್ನೆಯ ಹೆಸರೊಂದನ್ನು ಕೂಡ ಅವರು ಹಾಗೆಯೇ ಉಳಿಸಿಕೊಂಡಿದ್ದಾರೆ. ಆದರೆ ತಪ್ಪನ್ನು ಮುಚ್ಚಿಟ್ಟಿಲ್ಲ. ಪಕ್ಕದಲ್ಲಿ ಪರ್ಯಾಯನಾಮಗಳ ಒಂದು ಪಟ್ಟಿಯನ್ನಿಟ್ಟು, ಅಲ್ಲಿ ನಮ್ಮ ಅಕ್ಷರದ ಎದುರಿಗೆ ಸರಿಯಾದ ಹೆಸರನ್ನು ಬರೆದು, ಇದು 'ತಿದ್ದುಪಡಿ' ಎಂದು ನಮೂದಿಸಿದ್ದಾರೆ. ಪೈಥಾನ್ ಭಾಷೆಯ ಯೂನಿಕೋಡ್‌ಡೇಟಾ ಎಂಬ ಲೈಬ್ರರಿಯು 3.3ನೆಯ ಆವೃತ್ತಿಯಿಂದ (2012) ಈ ಪರ್ಯಾಯನಾಮಗಳನ್ನು ಗುರುತಿಸುತ್ತದೆ. ಸರಿಯಾದ ಹೆಸರು ಹೇಳಿದರೆ ೞಕಾರವನ್ನು ಹುಡುಕಿಕೊಡುತ್ತದೆ. ೞಕಾರವನ್ನು ತೋರಿಸಿ ಹೆಸರೇನೆಂದರೆ ಮಾತ್ರ ಈಗಲೂ 'ಫಾ' ಎಂದೇ ಹೇಳುತ್ತದೆ. ಅವರ ವರದಿಗೆ ಹೆಸರು ಬರುತ್ತಿದ್ದುದು ಅಲ್ಲಿಂದ. ತರುಣ ಆ ಹೆಸರನ್ನು ನಂಬಿದ. ಮೂಲವನ್ನು ನೋಡಲಾರದವನು ಸಂಪಾದಕನ ಮಾತನ್ನು ನಂಬುವಂತೆ.

ಅವನ ಬದಲಾವಣೆಯನ್ನು ಒಪ್ಪಲಾಗದೆಂದು ನಾನು ಬರೆದುಕೊಟ್ಟೆ. ಅಕ್ಷರ ಸರಿಯಾಗಿದೆ, ಹೆಸರು ತಪ್ಪಾಗಿದೆ. ವರದಿಯಲ್ಲಿ ಅಧಿಕೃತ ನಾಮದ ಜೊತೆಗೆ ಪರ್ಯಾಯನಾಮವನ್ನೂ ಮುದ್ರಿಸಬೇಕು ಎಂಬುದು ಸಾರಾಂಶ. ಎರಡು ಸಾಲು ಕೇಳಿದ್ದಳು, ಎರಡು ಪುಟವಾಯಿತು. ಅಧ್ಯಾಪಕನಿಗೆ ಅಭ್ಯಾಸಬಲ. ೞಕಾರವು ಮಾತಿನಿಂದ ಮರೆಯಾಗಿ, ಪದಮಧ್ಯದಲ್ಲಿ ಕೆಲವೆಡೆ ರೇಫದೊಡನೆ, ಉಳಿದೆಡೆ ಳಕಾರದೊಡನೆ ಬೆರೆತುಹೋದದ್ದು, ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಯಾವ ಯಾವ ಶಬ್ದಗಳಲ್ಲಿ ಇದು ಬರಬೇಕೆಂದು ಪಟ್ಟಿಮಾಡಿ ಕೊಡಬೇಕಾಗಿ ಬಂದದ್ದು, ಇದನ್ನೆಲ್ಲ ಬರೆದೆ. ಅವನ ಕಾಲಕ್ಕೆ ಕಿವಿಗೆ ಕೇಳಿಸದಿದ್ದುದರಿಂದಲೇ ಪಟ್ಟಿ ಬೇಕಾಯಿತು. ಜನ್ನನ ಸೋದರಳಿಯನಾದ ಈ ವೈಯಾಕರಣ ಮಾಡಿದ್ದೂ ಒಂದು ಬಗೆಯ ದೋಷಶೋಧನೆಯೇ. ಬೆರೆತರೆ ಆಗುವ ನಷ್ಟಕ್ಕೆ ಉದಾಹರಣೆಗಳನ್ನೂ ಕೊಟ್ಟೆ. ಅಳಿ ಎಂದರೆ ದುಂಬಿ, ಅೞಿ ಎಂದರೆ ಹಾಳಾಗು. ಆಳ್ ಎಂದರೆ ಸೇವಕ, ಆೞ್ ಎಂದರೆ ಮುಳುಗು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು.

ಈ ಕೊನೆಯ ಉದಾಹರಣೆಯನ್ನು ಬರೆಯುವಾಗ ಕೈ ಒಂದು ಕ್ಷಣ ತಡೆಯಿತು. ಏಕೆಂದು ಆಗ ಯೋಚಿಸಲಿಲ್ಲ.

ಮುಂದಿನ ಭಾನುವಾರ ಅವಳು ಬಂದಾಗ ಲ್ಯಾಪ್‌ಟಾಪಿನಲ್ಲಿ ಹೊಸ ವರದಿ ತೋರಿಸಿದಳು. ನನ್ನ ಪ್ರಬಂಧದ ಪಠ್ಯಭಾಗದಲ್ಲಿ ೞಕಾರ ನೂರಕ್ಕೂ ಹೆಚ್ಚು ಕಡೆ ಬಂದಿತ್ತು, ಪ್ರತಿಯೊಂದೂ ಸರಿಯಾಗಿ ಪರಿವರ್ತನೆಯಾಗಿತ್ತು. ಅವಳ ಮುಖದಲ್ಲಿ ಗೆಲುವಿತ್ತು. ಸುಮ್ಮನೆ ಮಾತಿಗೆ ಎಂಬಂತೆ ಕೇಳಿದಳು: "ಸರ್, ಓಲೆಗರಿಯಲ್ಲೂ ಇಷ್ಟೇ ಸಲ ಇತ್ತಾ?"

"ಇಲ್ಲಮ್ಮ. ಓಲೆಯಲ್ಲಿ ಒಂದೂ ಇರಲಿಲ್ಲ. ಆ ಪ್ರತಿ ಬಹಳ ಈಚಿನದು, ಲಿಪಿಕಾರ ಎಲ್ಲ ಕಡೆ ಳಕಾರವನ್ನೇ ಬರೆದಿದ್ದ. ವ್ಯಾಕರಣದ ಪ್ರಕಾರ ಎಲ್ಲಿ ಬೇಕೋ ಅಲ್ಲಿ ನಾನು ೞಕಾರ ಹಾಕಿದೆ."

"ಅದನ್ನು ಎಲ್ಲಿ ಬರೆದಿದ್ದೀರಿ ಸರ್?"

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಅವರ ಕಸಬಿನಲ್ಲಿ ಬದಲಾವಣೆಯಾಗಿದ್ದರೆ ಅದರ ದಾಖಲೆ ಎಲ್ಲೋ ಇದ್ದೇ ಇರುತ್ತದೆ, ಎಲ್ಲಿ ಎಂದಷ್ಟೇ ಕೇಳಿದ್ದಳು. ಪ್ರಬಂಧವನ್ನು ಕಪಾಟಿನಿಂದ ತೆಗೆದು ಪೀಠಿಕೆಯನ್ನು ತಿರುವಿದೆ. ಒಂದು ವಾಕ್ಯವಿತ್ತು: ಅಗತ್ಯವೆನಿಸಿದ ಕಡೆ ಶಬ್ದರೂಪಗಳನ್ನು ಪರಿಷ್ಕರಿಸಲಾಗಿದೆ. ಅಷ್ಟೆ. 'ಲಾಗಿದೆ' ಎಂಬ ಕರ್ತೃವಿಲ್ಲದ ಕ್ರಿಯಾಪದ. ಉಳಿದ ಪಾಠಾಂತರಗಳನ್ನೆಲ್ಲ ಅಡಿಟಿಪ್ಪಣಿಯಲ್ಲಿ ಶ್ರದ್ಧೆಯಿಂದ ಕೊಟ್ಟಿದ್ದೆ. ೞಕಾರದ್ದು ಬರಿಯ ಕಾಗುಣಿತದ ವಿಷಯವೆಂದು, ಪುಟ ಬೆಳೆಯುತ್ತದೆಂದು, ಡಿಟಿಪಿಯವನಿಗೆ ಪುಟಕ್ಕಿಷ್ಟೆಂದು ಹಣ ಕೊಡಬೇಕಾಗಿತ್ತೆಂದು ಬಿಟ್ಟುಬಿಟ್ಟಿದ್ದೆ.

ಇಷ್ಟೇ ಆಗಿದ್ದರೆ ಸಣ್ಣ ಲೋಪವೆಂದು ಸುಮ್ಮನಾಗಬಹುದಿತ್ತು. ಅವಳು ಹೋದಮೇಲೆ ನನ್ನನ್ನು ಕಾಡಿದ್ದು ಬೇರೆ. ಹಲವು ವರ್ಷಗಳ ಹಿಂದೆ ಒಂದು ವಿಚಾರಸಂಕಿರಣದಲ್ಲಿ ಸಂಶೋಧನ ವಿದ್ಯಾರ್ಥಿಯೊಬ್ಬರು ನಾನು ಸಂಪಾದಿಸಿದ ಈ ಗದ್ಯಕಥೆಯ ಕಾಲವನ್ನು ಕುರಿತು ಮಾತನಾಡಿದ್ದರು. ಕೃತಿಯಲ್ಲಿ ೞಕಾರವು ಎಲ್ಲೂ ತಪ್ಪದೆ, ಕೇಶಿರಾಜನ ಪಟ್ಟಿಗೆ ಸರಿಯಾಗಿ ಬಳಕೆಯಾಗಿರುವುದರಿಂದ ಇದು ಆ ಧ್ವನಿ ಇನ್ನೂ ಜೀವಂತವಾಗಿದ್ದ ಕಾಲದ ರಚನೆಯಾಗಿರಬೇಕು ಎಂಬುದು ಅವರ ವಾದಗಳಲ್ಲಿ ಒಂದು. ಕೇಶಿರಾಜನ ಪಟ್ಟಿಗೆ ಅದು ಸರಿಹೊಂದದೆ ಇರುವುದಾದರೂ ಹೇಗೆ? ಆ ಪಟ್ಟಿಯನ್ನು ಎಡಗಡೆಗಿಟ್ಟುಕೊಂಡೇ ನಾನು ತಿದ್ದಿದ್ದೆ. ಸಭೆಯಲ್ಲಿ ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ಕೊನೆಯಲ್ಲಿ ಅಧ್ಯಕ್ಷರು ಪ್ರಶ್ನೆಗಳಿವೆಯೇ ಎಂದರು. ಕೈಯೆತ್ತಲಿಲ್ಲ. ಊಟದ ವೇಳೆಗೆ ಹೇಳೋಣವೆಂದುಕೊಂಡೆ. ಊಟದಲ್ಲಿ ಅವರು ನನ್ನ ಸಂಪಾದನೆಯ ಶಿಸ್ತನ್ನು ಹೊಗಳಿದರು. ಹೊಗಳಿಕೆಯನ್ನು ಸ್ವೀಕರಿಸಿದೆ. ಅವರ ಲೇಖನ ಅಚ್ಚಾಯಿತು, ಅನಂತರ ಒಂದೆರಡು ಕಡೆ ಉಲ್ಲೇಖವೂ ಆಯಿತು.

ತಂತ್ರಾಂಶದವರು ದೋಷವನ್ನು ಬಗ್, ಅಂದರೆ ಹುಳು, ಎನ್ನುತ್ತಾರಷ್ಟೆ. ಎಡಿಸನ್ನನ ಕಾಲದಿಂದಲೂ ಆ ಪದ ಯಂತ್ರಗಳ ದೋಷಕ್ಕೆ ಬಳಕೆಯಲ್ಲಿತ್ತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಗಣಕದ ರಿಲೇಯಲ್ಲಿ ನಿಜವಾದ ಪತಂಗವೊಂದು ಸಿಕ್ಕಿಕೊಂಡು ಯಂತ್ರ ಕೆಟ್ಟಿತು. ಅಲ್ಲಿದ್ದವರು ಅದನ್ನು ತೆಗೆದು ಎಸೆಯಲಿಲ್ಲ. ದಿನಚರಿ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ವೇಳೆಯನ್ನು ಬರೆದಿಟ್ಟರು. ಆ ಪುಟ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ನಾವು ಓಲೆಗರಿಗಳಲ್ಲಿ ಹುಳುವನ್ನು ಕೊಂದು ಎಣ್ಣೆ ಬಳಿದು ಒರೆಸಿಡುವವರು. ಅದು ಸರಿಯಾದದ್ದೇ. ಆದರೆ ಪಾಠದಲ್ಲಿ ಕಂಡ ದೋಷವನ್ನೂ ನಾನು ಹಾಗೆಯೇ ಗುರುತುಳಿಯದಂತೆ ಒರೆಸಿದ್ದೆ. ಅದು ದೋಷವೇ ಆಗಿತ್ತೆ ಎಂಬುದೂ ಈಗ ಸಂದೇಹ.

ಏಕೆಂದರೆ ಆ ಬಾಳ್. ಕಥೆಯ ಒಂದೆಡೆ ಅರಸನೊಬ್ಬ ವೈರಾಗ್ಯ ತಾಳಿ ಅರಮನೆಯಿಂದ ಹೊರಡುತ್ತಾನೆ. ಹೊರಡುವಾಗ ಅವನು ಬಿಸುಟದ್ದು ಓಲೆಯ ಪ್ರಕಾರ 'ಬಾಳ'ನ್ನು. ನಾನು ಅದನ್ನು 'ಬಾೞ್' ಎಂದು ತಿದ್ದಿ, ಲೌಕಿಕವಾದ ಬದುಕನ್ನು ತೊರೆದ ಎಂದು ಅರ್ಥಮಾಡಿದ್ದೆ. ಆ ಅರ್ಥದ ಮೇಲೆ ಅರ್ಧ ಪುಟದ ವಿವೇಚನೆಯನ್ನೂ ಬರೆದಿದ್ದೆ. ಕತ್ತಿಯನ್ನು ಬಿಸುಟ ಎಂದು ಓದಿದರೆ ಅಲ್ಲಿ ತಿದ್ದುವುದಕ್ಕೇ ಏನೂ ಇಲ್ಲ. ಅರಸ ಕೈಯ ಕತ್ತಿಯನ್ನು ಕೆಳಗಿಡುವುದು ಎಷ್ಟು ಸರಳ, ಎಷ್ಟು ಕಣ್ಣಿಗೆ ಕಟ್ಟುವಂಥದು! ಈಗ ನನಗೆ ಕತ್ತಿಯೇ ಸರಿಯೆನಿಸುತ್ತದೆ. ನಾನು ತಪ್ಪು ಓದಿರಬಹುದು ಎನ್ನುವುದು ಬೇರೆ ಮಾತು, ಎಲ್ಲ ಸಂಪಾದಕರೂ ಕೆಲವೆಡೆ ತಪ್ಪು ಓದುತ್ತಾರೆ. ಇನ್ನೊಂದು ಓದು ಇತ್ತೆಂಬುದೇ ಯಾರಿಗೂ ತಿಳಿಯದಂತೆ ಮಾಡಿದ್ದೆನಲ್ಲ!

ಓಲೆಪ್ರತಿಯನ್ನು ಮತ್ತೆ ನೋಡೋಣವೆಂದರೆ ಅದು ಇಲ್ಲ. ಮನೆತನದವರಿಂದ ತಂದು, ನಕಲು ಮಾಡಿಕೊಂಡು, ಗೌರವದಿಂದ ಹಿಂದಿರುಗಿಸಿದ್ದೆ. ಆಮೇಲೆ ಆ ಹಳೆಯ ಮನೆಯನ್ನು ಕೆಡವಿದಾಗ ಅಟ್ಟದ ಮೇಲಿದ್ದುದೆಲ್ಲ ಗೆದ್ದಲು ಹಿಡಿದು ಹೋಗಿತ್ತಂತೆ. ಉಳಿದದ್ದು ನನ್ನ ನಕಲಿನ ನೋಟುಪುಸ್ತಕಗಳು. ಮೂರು ಇದ್ದವು. ನಮ್ಮ ಮನೆಯ ಅಟ್ಟದಲ್ಲಿ, ಮಕ್ಕಳ ಹಳೆಯ ಪಠ್ಯಪುಸ್ತಕಗಳ ಕೆಳಗೆ ಎರಡು ಸಿಕ್ಕವು. ನಡುವಿನದು ಸಿಗಲಿಲ್ಲ. ಬಾಳಿನ ಪ್ರಸಂಗ ಮೂರನೆಯದರಲ್ಲಿತ್ತು. ಇಪ್ಪತ್ತೇಳು ವರ್ಷದ ಪ್ರಾಯದ ನನ್ನ ಕೈಬರಹದಲ್ಲಿ ಸ್ಪಷ್ಟವಾಗಿ ಳಕಾರವೇ ಇತ್ತು. ಮೇಲೆ ಪೆನ್ಸಿಲಿನಿಂದ ೞಕಾರ ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ನನಗೇ ಸಂದೇಹವಿತ್ತೆಂದಾಯಿತು. ನೋಟುಪುಸ್ತಕದಿಂದ ಪ್ರಬಂಧಕ್ಕೆ ಬರುವ ದಾರಿಯಲ್ಲಿ ಆ ಚಿಹ್ನೆ ಬಿದ್ದುಹೋಗಿತ್ತು.

ಮೂರು ವಾರ ಕುಳಿತು ಎರಡು ಪುಸ್ತಕಗಳನ್ನೂ ಅಚ್ಚಿನ ಪಾಠದೊಡನೆ ತಾಳೆನೋಡಿದೆ. ಈ ಬಾರಿ ಗಟ್ಟಿಯಾಗಿ ಓದಿದ್ದು ನನ್ನ ಶ್ರೀಮತಿ, ಕಣ್ಣಿಟ್ಟದ್ದು ನಾನು. ತಿದ್ದಿದ ಪ್ರತಿ ಸ್ಥಳಕ್ಕೂ ಪುಟ, ಸಾಲು, ಓಲೆಯ ಪಾಠ, ನನ್ನ ಪಾಠ ಎಂದು ನಾಲ್ಕು ಅಂಕಣದ ಪಟ್ಟಿ ಮಾಡಿದೆ. ನಡುವಿನ ಪುಸ್ತಕಕ್ಕೆ ಸೇರಿದ ಭಾಗದಲ್ಲಿ ಓಲೆಯ ಪಾಠದ ಅಂಕಣ ಖಾಲಿಯಾಗಿಯೇ ಉಳಿಯಿತು. ಅಲ್ಲಿಯೂ ಳಕಾರವೇ ಇದ್ದಿರಬೇಕೆಂದು ಊಹಿಸಿ ತುಂಬಿಬಿಡುವ ಆಸೆಯಾಯಿತು. ತುಂಬಲಿಲ್ಲ.

ಅಂದು ಸಂಕಿರಣದಲ್ಲಿ ಮಾತನಾಡಿದವರು ಈಗ ಬೇರೆ ಜಿಲ್ಲೆಯಲ್ಲಿ ಅಧ್ಯಾಪಕರು. ಅವರಿಗೆ ಫೋನ್ ಮಾಡಿ ಹೇಳಲು ಎರಡು ದಿನ ಬೇಕಾಯಿತು. ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಇದನ್ನು ಅವತ್ತೇ ಹೇಳಬಹುದಿತ್ತಲ್ಲ" ಎಂದರು. ಹೌದು ಎಂದೆ. ಪಟ್ಟಿ ಕಳಿಸಿ ಎಂದರು. ಅವರ ವಾದಕ್ಕೆ ಬೇರೆ ಆಧಾರಗಳೂ ಇವೆ, ಅವು ನಿಲ್ಲುತ್ತವೆಯೋ ಎಂದು ಮತ್ತೆ ನೋಡಬೇಕೆಂದರು. ಮಾತಿನಲ್ಲಿ ಗೌರವ ಕಡಿಮೆಯಾಗಿರಲಿಲ್ಲ. ಮೊದಲಿನ ಸಲುಗೆ ಮಾತ್ರ ಇರಲಿಲ್ಲ.

ಪರಿವರ್ತಿತ ಪಠ್ಯವನ್ನು ಪರೀಕ್ಷಾ ಸಾಮಗ್ರಿಯಾಗಿ ಆ ಲೈಬ್ರರಿಯಲ್ಲಿ ಎಲ್ಲರಿಗೂ ತೆರೆದಿಡುವುದೆಂದು ಮೊದಲೇ ಮಾತಾಗಿತ್ತು. ಜೊತೆಗೆ ನನ್ನ ಪಟ್ಟಿಯನ್ನೂ ಇಡಬೇಕೆಂದು ಅವಳಿಗೆ ಕಳಿಸಿದೆ. ಬೇರೆಯವರು ಕಳಿಸಿದ ಬದಲಾವಣೆಗಳನ್ನು ಎರಡು ತಿಂಗಳು ಪರಿಶೀಲಿಸಿದ ನನಗೆ ಈಗ ಪರಿಶೀಲನೆಗೆ ಕಾಯುವ ಸರದಿ. ಎರಡು ದಿನದ ಮೇಲೆ ಉತ್ತರ ಬಂತು, ಸ್ವೀಕೃತವಾಗಿರಲಿಲ್ಲ. ಪಟ್ಟಿಯಲ್ಲಿ ಹನ್ನೊಂದು ಸಾಲುಗಳಿಗೆ ಗುರುತು ಹಾಕಿ, ಒಂದೊಂದರ ಕೆಳಗೂ ಒಂದೇ ಮಾತನ್ನು ಬರೆದಿದ್ದಳು: "ಸರ್, ಇಲ್ಲಿ ಏನು ಬದಲಾಯಿಸಿದಿರಿ ಎಂದು ಇದೆ, ಏಕೆ ಎಂದು ಇಲ್ಲ. ದಯವಿಟ್ಟು ಕಾರಣ ಸೇರಿಸಿ."

ಒಂಬತ್ತಕ್ಕೆ ಕಾರಣ ಬರೆದು ಕಳಿಸಿದ್ದೇನೆ. ಉಳಿದ ಎರಡು ಕಡೆ ಆಗ ಏಕೆ ತಿದ್ದಿದೆನೆಂದು ಈಗ ನನಗೂ ತಿಳಿಯುತ್ತಿಲ್ಲ. ಹಾಗೆಂದೇ ಬರೆಯಬಹುದೇ ಎಂದು ಅವಳನ್ನು ಕೇಳಬೇಕು.